ತಿಂಗಳಿಗೊಮ್ಮೆ ಬರುವ ಪತ್ರಿಕೆಗೆ ‘ವೀಕ್ಲಿ’ ಅಂತ ಹೆಸರು ಯಾಕೆ?

ಬೆಲ್ಲದಚ್ಚು (ಸಿಡ್ನಿ)

ಪಕ್ಕದ ಮನೆಯ ಅಜ್ಜಿ ಮನೆ ಖಾಲಿ ಮಾಡುತ್ತಿದ್ದಾರೆ. ಎಂಬತ್ತು ದಾಟಿದೆ, ಇನ್ನು ಮಗಳ ಊರಲ್ಲಿ ಇರುತ್ತಾರಂತೆ. ಹೋಗುವ ಮುಂಚೆ ನನ್ನ ಕೈಗೊಂದು ರಟ್ಟಿನ ಡಬ್ಬ ಕೊಟ್ಟು, "ನಿನ್ನ ಮಗಳ ಹುಟ್ಟುಹಬ್ಬಕ್ಕೆ ಬೇಕಾಗುತ್ತೆ, ಇಟ್ಕೋ" ಅಂದರು. ಬಿಚ್ಚಿ ನೋಡಿದರೆ ಬೆಣ್ಣೆ ಕಲೆ ಮೆತ್ತಿದ ಕೇಕ್ ಪುಸ್ತಕ. ಅದರ ಕೆಳಗೆ ಹಳೆಯ ‘ಆಸ್ಟ್ರೇಲಿಯನ್ ವುಮೆನ್ಸ್ ವೀಕ್ಲಿ’ ಸಂಚಿಕೆಗಳು, ಮೂವತ್ತೋ ಮೂವತ್ತೈದೋ ಇರಬಹುದು.

ನಾನು ಈ ದೇಶಕ್ಕೆ ಬಂದು ಒಂಬತ್ತು ವರ್ಷ. ಡಾಕ್ಟರ ಹತ್ತಿರ ಕಾಯುವಾಗ, ಸೂಪರ್‌ಮಾರ್ಕೆಟ್ಟಿನ ಬಿಲ್ ಸಾಲಿನಲ್ಲಿ ನಿಂತಾಗ ಈ ಪತ್ರಿಕೆ ನೋಡಿದ್ದೇನೆ. ಆದರೆ ಅದು ಬರುವುದು ತಿಂಗಳಿಗೊಮ್ಮೆ. ಮತ್ತೆ ಹೆಸರಲ್ಲಿ ವೀಕ್ಲಿ ಯಾಕೆ? ಅಜ್ಜಿಯನ್ನೇ ಕೇಳಿದೆ. "ಮೊದಲು ವಾರ ವಾರ ಬರ್ತಿತ್ತು. ಆಮೇಲೆ ಮಂತ್ಲಿ ಅಂತ ಹೆಸರಿಡೋಕೆ ಆಗುತ್ತಾ?" ಅಂತ ಜೋರಾಗಿ ನಕ್ಕರು. ನಾನೂ ಸುಮ್ನೆ ನಕ್ಕೆ. ಅರ್ಥ ಆಗಲಿಲ್ಲ.

ಇಲ್ಲಿ ಹಳೆ ಪತ್ರಿಕೆಗಳ ಹುಚ್ಚಿರುವವರು ಬಹಳ ಜನ ಇದ್ದೀರಿ. ಸ್ವಲ್ಪ ಹೇಳಿ.

ರದ್ದಿ ರಾಯ (ಬೆಂಗಳೂರು)

ಅಜ್ಜಿ ನಕ್ಕಿದ್ದು ಸರಿಯಾಗೇ ಇದೆ ಅಕ್ಕ. ‘ವುಮೆನ್ಸ್ ಮಂತ್ಲಿ’ ಅಂದರೆ ಇಂಗ್ಲಿಷ್ ಕಿವಿಗೆ ಮುಟ್ಟಿನ ಮಾತು ಕೇಳಿಸುತ್ತದೆ. ನಮ್ಮ ಅಜ್ಜಿಯರು ‘ಹೊರಗಾಗೋದು’ ಅನ್ನುತ್ತಿದ್ದರಲ್ಲ, ಅದೇ. ಆ ಹೆಸರಲ್ಲಿ ಅಂಗಡಿಯಲ್ಲಿ ಕೇಳಿ ಪಡೆಯುವುದಕ್ಕೆ ಯಾರು ಮನಸ್ಸು ಮಾಡುತ್ತಾರೆ?

ವಾರಕ್ಕೊಮ್ಮೆ ಬಂದ ಕೊನೆಯ ಸಂಚಿಕೆ 1982ರ ಡಿಸೆಂಬರ್ 15ರದ್ದು. ಮುಂದಿನ ವರ್ಷದಿಂದ ತಿಂಗಳಿಗೊಮ್ಮೆ. ಅಷ್ಟು ಹೊತ್ತಿಗೆ ಹೆಸರಿಗೆ ಸುಮಾರು ಐವತ್ತು ವರ್ಷ ತುಂಬಿತ್ತು. ಜನ ಪೂರ್ತಿ ಹೆಸರು ಹೇಳುತ್ತಲೇ ಇರಲಿಲ್ಲ, ಬರೀ ‘ದ ವೀಕ್ಲಿ’. ಹಾಗೆ ಬಾಯಲ್ಲಿ ಕೂತ ಹೆಸರನ್ನು ಯಾವ ವ್ಯಾಪಾರಿಯೂ ಕಿತ್ತು ಬಿಸಾಡುವುದಿಲ್ಲ.

ಮಾಸಿಕ ಯಾಕೆ ಮಾಡಿದರು ಅನ್ನುವುದು ಬೇರೆ ಕಥೆ. ‘ವುಮನ್ಸ್ ಡೇ’, ‘ನ್ಯೂ ಐಡಿಯಾ’ ಅಂತ ಬೇರೆ ವಾರಪತ್ರಿಕೆಗಳು ಅದೇ ಓದುಗರ ಹಿಂದೆ ಬಿದ್ದಿದ್ದವು. ಟೀವಿ ಬೇರೆ ಮನೆಮನೆಗೆ ಬಂದಿತ್ತು. ಪ್ರತಿ ವಾರ ದಪ್ಪ ಬಣ್ಣದ ಸಂಚಿಕೆ ಅಚ್ಚು ಹಾಕಿ ದೇಶದ ಮೂಲೆಮೂಲೆಗೆ ಸಾಗಿಸುವುದೆಂದರೆ ಹುಡುಗಾಟವಲ್ಲ.

ಅಂದಹಾಗೆ ಆ ಡಬ್ಬದಲ್ಲಿರುವ ಸಂಚಿಕೆಗಳ ವರ್ಷ ನೋಡಿ ಹೇಳಿ. ನನಗೆ ಹೊಟ್ಟೆಕಿಚ್ಚಾಗುತ್ತಿದೆ.

ಮೂರನೇ ಅಂಪೈರ್ (ಹುಬ್ಬಳ್ಳಿ)

ಒಂದು ಸಣ್ಣ ಸಂಶಯ. ಇದು ಪ್ಯಾಕರ್ ಕುಟುಂಬದ ಪತ್ರಿಕೆ ಅಲ್ವಾ? ಕ್ರಿಕೆಟ್ಟಿನ ಕೆರ್ರಿ ಪ್ಯಾಕರ್?

ರದ್ದಿ ರಾಯ (ಬೆಂಗಳೂರು)

ಅದೇ ಕುಟುಂಬ. ಶುರು ಮಾಡಿದ್ದು ಕೆರ್ರಿಯ ಅಪ್ಪ ಫ್ರಾಂಕ್ ಪ್ಯಾಕರ್. ಜೊತೆಗಾರ ಟೆಡ್ ಥಿಯೊಡೋರ್. ಇವರು ಕ್ವೀನ್ಸ್‌ಲ್ಯಾಂಡ್ ರಾಜ್ಯದ ಪ್ರೀಮಿಯರ್ (ನಮ್ಮ ಮುಖ್ಯಮಂತ್ರಿ ಥರ) ಆಗಿದ್ದವರು, ಆಮೇಲೆ ದೇಶದ ಹಣಕಾಸು ಮಂತ್ರಿ. 1931ರ ಚುನಾವಣೆಯಲ್ಲಿ ಸೋತು ರಾಜಕೀಯದಿಂದ ಹೊರಗೆ ಬಿದ್ದಿದ್ದರು.

ಶುರುವಾದ ಬಗೆ ಕೇಳಿದರೆ ನಗು ಬರುತ್ತದೆ. 1932ರಲ್ಲಿ ಇವರಿಬ್ಬರೂ ಸಿಡ್ನಿಯಲ್ಲಿ ‘ಸ್ಟಾರ್’ ಅಂತ ಸಂಜೆ ಪತ್ರಿಕೆ ತರುತ್ತೇವೆ, ಬೆಲೆ ಒಂದೇ ಪೆನ್ನಿ ಅಂತ ಹೇಳಿಕೊಂಡು ತಿರುಗಿದರು. ಆಗ ಅಲ್ಲಿ ಸಂಜೆ ಪತ್ರಿಕೆ ಅಂದರೆ ‘ಸನ್’. ಅದರ ಬೆಲೆ ಒಂದೂವರೆ ಪೆನ್ನಿ. ‘ಸನ್’ ನಡೆಸುತ್ತಿದ್ದ ಅಸೋಸಿಯೇಟೆಡ್ ನ್ಯೂಸ್‌ಪೇಪರ್ಸ್‌ನ ಸರ್ ಹ್ಯೂ ಡೆನಿಸನ್ ಹೆದರಿಬಿಟ್ಟರು. ಮೂರು ವರ್ಷ ಸಿಡ್ನಿಯಲ್ಲಿ ನೀವು ಅಂಥ ಪತ್ರಿಕೆ ತರಬಾರದು ಅಂತ ಷರತ್ತು ಹಾಕಿ 86,500 ಪೌಂಡ್ ಕೊಡಲು ಒಪ್ಪಿದರು. ಅಚ್ಚೇ ಆಗದ ಪತ್ರಿಕೆಗೆ ಅಷ್ಟು ದುಡ್ಡು!

ಷರತ್ತು ಇದ್ದದ್ದು ಸುದ್ದಿಪತ್ರಿಕೆಗೆ. ಹೆಂಗಸರ ವಾರಪತ್ರಿಕೆಗೆ ಯಾರೂ ಬೇಲಿ ಹಾಕಿರಲಿಲ್ಲ. ಆ ದುಡ್ಡೇ ಇದಕ್ಕೆ ಬಂಡವಾಳವಾಯಿತು. 1933ರ ಜೂನ್ 10ಕ್ಕೆ ಮೊದಲ ಸಂಚಿಕೆ, ಬೆಲೆ 2 ಪೆನ್ಸ್. ಮಹಾ ಆರ್ಥಿಕ ಕುಸಿತದ ಕಾಲ ಅದು, ಲಕ್ಷಾಂತರ ಜನಕ್ಕೆ ಕೆಲಸವೇ ಇಲ್ಲ. ಆದರೂ 1,20,000 ಪ್ರತಿ ಖರ್ಚಾದವು.

ಹೊಳೆಸಾಲು (ಶಿವಮೊಗ್ಗ)

ಅಲ್ಲಿಗೆ ಸರಿಹೋಯಿತು. ಇಬ್ಬರು ಗಂಡಸರು ಮೂರನೆಯ ಗಂಡಸನ್ನು ಹೆದರಿಸಿ ಹಣ ಕಿತ್ತುಕೊಂಡರು. ಆ ಹಣದಲ್ಲಿ ಹೆಂಗಸರಿಗೆ ಸ್ವೆಟರ್ ಹೆಣೆಯುವುದು ಹೇಗೆ ಅಂತ ಹೇಳಿಕೊಟ್ಟರು. ಮೊದಲ ಸಂಪಾದಕರಾದರೂ ಹೆಂಗಸೇ?

ರದ್ದಿ ರಾಯ (ಬೆಂಗಳೂರು)

ಇಲ್ಲ. ಜಾರ್ಜ್ ವಾರ್ನೆಕ್. ಗಂಡಸು.

ಹೊಳೆಸಾಲು (ಶಿವಮೊಗ್ಗ)

ಗೊತ್ತಿತ್ತು.

ಬೆಲ್ಲದಚ್ಚು (ಸಿಡ್ನಿ)

ಹೊಳೆಸಾಲು ಅವರೇ, ಒಂದು ನಿಮಿಷ ತಾಳಿ. ನಿನ್ನೆ ರಾತ್ರಿ ಮಗಳು ಮಲಗಿದ ಮೇಲೆ ಮೊದಲ ಸಂಚಿಕೆಯನ್ನೇ ಓದಿದೆ. ಡಬ್ಬದಲ್ಲಿ ಅದಿಲ್ಲ, ಬಿಡಿ. ಇಲ್ಲಿನ ರಾಷ್ಟ್ರೀಯ ಗ್ರಂಥಾಲಯದ ‘ಟ್ರೋವ್’ ಅನ್ನುವ ತಾಣದಲ್ಲಿ 1933ರಿಂದ 1982ರವರೆಗಿನ ಸಂಚಿಕೆಗಳನ್ನು ಸ್ಕ್ಯಾನ್ ಮಾಡಿ ಹಾಕಿದ್ದಾರೆ. ದುಡ್ಡು ಕೊಡಬೇಕಿಲ್ಲ, ಬೆಂಗಳೂರಲ್ಲಿ ಕೂತೂ ಓದಬಹುದು. ರಾಯರೇ, ನಿಮ್ಮ ಹೊಟ್ಟೆಕಿಚ್ಚಿಗೆ ಔಷಧಿ!

ಮೊದಲ ಪುಟದ ತಲೆಬರಹ ನೋಡಿ ಕಣ್ಣರಳಿತು. ಗಂಡು ಹೆಣ್ಣಿಗೆ ಸಮಾನ ಸಾಮಾಜಿಕ ಹಕ್ಕು, ಅದೇ ಮುಖ್ಯ ಸುದ್ದಿ. 1933ರಲ್ಲಿ! ಈಗಿನ ಹೊಳೆಯುವ ಕಾಗದದ ಮ್ಯಾಗಜಿನ್ ಥರ ಇಲ್ಲ ಅದು, ಕಪ್ಪು ಬಿಳುಪಿನ ಸುದ್ದಿಪತ್ರಿಕೆಯ ಥರ ಇದೆ. ಹಾಗಂತ ಒಳಗೆಲ್ಲ ಹೋರಾಟವೇ ತುಂಬಿದೆ ಅಂತಲ್ಲ. ಸಿಡ್ನಿಯ ಹೆಂಗಸರು ಈಗ ಯಾವ ಬಟ್ಟೆ ಹಾಕುತ್ತಿದ್ದಾರೆ ಅನ್ನುವುದಕ್ಕೂ ಅಲ್ಲಿ ಜಾಗ ಇದೆ.

ನನಗನಿಸಿದ್ದು ಇಷ್ಟು. ಹಕ್ಕಿನ ಸುದ್ದಿ ಓದಿ ಅದೇ ಕೈಯಲ್ಲಿ ಮುಂದಿನ ಪುಟದ ಫ್ರಾಕು ನೋಡಿದ ಹೆಂಗಸಿಗೆ ಇದೇನೂ ವಿಚಿತ್ರ ಅನಿಸಿರಲಿಕ್ಕಿಲ್ಲ. ನಾನೂ ಹಾಗೇ ಅಲ್ವಾ? ಬೆಳಿಗ್ಗೆ ಸಂಬಳದ ವಿಚಾರಕ್ಕೆ ಮ್ಯಾನೇಜರ್ ಹತ್ತಿರ ಜಗಳ ಆಡಿ, ಸಂಜೆ ಸೀರೆ ಸೇಲ್ ನೋಡುತ್ತೇನೆ.

ಡಬ್ಬದಲ್ಲಿ ಇರುವುದು ಹೆಚ್ಚಿನವು 1950 ಮತ್ತು 60ರ ದಶಕದವು.

ಕಾಗದದ ದೋಣಿ (ಮಂಗಳೂರು)

ವಾರ್ನೆಕ್ ಗಂಡಸು ನಿಜ. ಆದರೆ ಆಮೇಲಿನ ಸಂಪಾದಕಿಯರನ್ನೂ ನೋಡಬೇಕಲ್ಲ. ನಾನು ಪತ್ರಿಕೋದ್ಯಮ ಪಾಠ ಮಾಡುವವಳು, ಈ ಜಾಗದಲ್ಲಿ ಸ್ವಲ್ಪ ಉದ್ದ ಬರೆದರೆ ಬೇಸರ ಮಾಡಿಕೊಳ್ಳಬೇಡಿ.

ವಾರ್ನೆಕ್ ಹಾಕಿದ ಸೂತ್ರ ಒಂದಿತ್ತು. ಏನೇ ಬರೆದರೂ ಅದರಲ್ಲಿ ಸುದ್ದಿ ಇರಬೇಕು. ಟೋಪಿ ಬಗ್ಗೆ ಬರೆದರೂ ಈ ವಾರ ಏನು ಹೊಸದು ಅಂತ ಇರಬೇಕು. ಆ ಸೂತ್ರ ಹಿಡಿದು ಪತ್ರಿಕೆ ಕಟ್ಟಿದವರು ಹೆಂಗಸರು. ಆಲಿಸ್ ಜಾಕ್ಸನ್ 1939ರಿಂದ 1950ರವರೆಗೆ ಸಂಪಾದಕಿ. ಅವರ ನಂತರ ಎಸ್ಮೆ ಫೆನ್‌ಸ್ಟನ್. ಅವರು 1972ರಲ್ಲಿ ತೀರಿಕೊಳ್ಳುವವರೆಗೂ ಅದೇ ಕುರ್ಚಿಯಲ್ಲಿದ್ದರು, ಇಪ್ಪತ್ತೆರಡು ವರ್ಷ! ನಮ್ಮ ಕಡೆ ಅಷ್ಟು ವರ್ಷ ಒಂದು ದೊಡ್ಡ ವಾರಪತ್ರಿಕೆ ನಡೆಸಿದ ಹೆಂಗಸು ಯಾರಿದ್ದಾರೆ, ಯೋಚಿಸಿ.

ನನಗೆ ಬಹಳ ಹಿಡಿಸುವುದು ಯುದ್ಧದ ಕಾಲದ ಒಂದು ಪ್ರಸಂಗ. 1941ರಲ್ಲಿ ಪತ್ರಿಕೆಯ ಅಡೆಲ್ ಶೆಲ್ಟನ್ ಸ್ಮಿತ್ ಎಂಬ ವರದಿಗಾರ್ತಿ ಮಲಯಾಕ್ಕೆ ಹೋದರು. ಅಲ್ಲಿ ಬೀಡುಬಿಟ್ಟಿದ್ದ ಆಸ್ಟ್ರೇಲಿಯಾದ ಸೈನಿಕರು ಹೇಗಿದ್ದಾರೆ ಅಂತ ಮನೆಯವರಿಗೆ ತಿಳಿಸುವುದು ಕೆಲಸ. ಜಪಾನಿನ ಜೊತೆ ಯುದ್ಧ ಇನ್ನೂ ಶುರುವಾಗಿರಲಿಲ್ಲ. ಹುಡುಗರು ಚೆನ್ನಾಗಿದ್ದಾರೆ, ಬಿಡುವಿನಲ್ಲಿ ಡ್ಯಾನ್ಸ್ ಹಾಲ್‌ಗೆ ಹೋಗುತ್ತಾರೆ ಅನ್ನುವ ರೀತಿಯಲ್ಲಿ ವರದಿ, ಫೋಟೋ ಬಂದವು. ಅಮ್ಮಂದಿರಿಗೆ ನೆಮ್ಮದಿಯಾಗಲಿ ಅಂತ ಬರೆದದ್ದಿರಬೇಕು. ಆದರೆ ಓದಿದವರಲ್ಲಿ ಹೆಂಡತಿಯರೂ ಇದ್ದರಲ್ಲ! ನಾವಿಲ್ಲಿ ಸೆಕೆಯಲ್ಲಿ ಸಾಯುತ್ತಿದ್ದರೆ ಮಜಾ ಮಾಡುತ್ತಿದ್ದೇವೆ ಅಂತ ಬರೆದಿದ್ದಾಳೆ ಎಂದು ಸೈನಿಕರು ಆ ಹೆಂಗಸಿನ ಮೇಲೆ ಕೆಂಡ ಕಾರಿದರು. ಮುಂದಿನ ವರ್ಷ ಫೆಬ್ರವರಿಯಲ್ಲಿ ಸಿಂಗಾಪುರ ಬಿತ್ತು. ಸುಮಾರು 15,000 ಆಸ್ಟ್ರೇಲಿಯನ್ನರು ಸೆರೆಯಾದರು. ಈಗ ಆ ನಗುವ ಫೋಟೋಗಳನ್ನು ನೋಡಿದರೆ ಹೊಟ್ಟೆ ಚುರ್ ಅನ್ನುತ್ತದೆ. ಒಂದೊಂದು ಮುಖ ನೋಡುವಾಗಲೂ ಇವನು ಮನೆಗೆ ವಾಪಸ್ ಬಂದನೋ ಇಲ್ಲವೋ ಅನ್ನುವ ಪ್ರಶ್ನೆ.

ಇನ್ನೊಬ್ಬರು ಡೊರೊಥಿ ಡ್ರೇನ್. ಯುದ್ಧ ಮುಗಿದ ಮೇಲೆ ಜಪಾನಿಗೆ ಹೋದರು, ಆಮೇಲೆ ಕೊರಿಯಾ, ಆಮೇಲೆ ವಿಯೆಟ್ನಾಂ. ಇಷ್ಟರ ನಡುವೆ ಪತ್ರಿಕೆಯಲ್ಲಿ ಅಂಕಣವನ್ನೂ ಬರೆಯುತ್ತಿದ್ದರು. ಫೆನ್‌ಸ್ಟನ್ ನಂತರ ಸಂಪಾದಕಿಯಾದದ್ದು ಇವರೇ. ಹೊಳೆಸಾಲು ಸರ್, ಸ್ವೆಟರ್ ಪತ್ರಿಕೆ ಅಂದಿರಲ್ಲ. ಸ್ವೆಟರ್ ಇತ್ತು. ಅದರ ಪಕ್ಕದಲ್ಲಿ ಕೊರಿಯಾವೂ ಇತ್ತು.

ಹೊಳೆಸಾಲು (ಶಿವಮೊಗ್ಗ)

ಮೇಡಂ, ಒಪ್ಪಿದೆ. ಆದರೆ ನನ್ನ ಪ್ರಶ್ನೆ ಯಾರು ಬರೆದರು ಅಂತಲ್ಲ, ಗಲ್ಲಾಪೆಟ್ಟಿಗೆಯ ಕೀಲಿ ಯಾರ ಸೊಂಟದಲ್ಲಿತ್ತು ಅಂತ. ಅದು ಪ್ಯಾಕರ್ ಮನೆಯಲ್ಲೇ ಉಳಿಯಿತು ತಾನೇ?

ಕಾಗದದ ದೋಣಿ (ಮಂಗಳೂರು)

ಉಳಿಯಿತು. ಅಲ್ಲಿ ನಿಮ್ಮ ಮಾತಿಗೆ ಎದುರಿಲ್ಲ.

ಮೂರನೇ ಅಂಪೈರ್ (ಹುಬ್ಬಳ್ಳಿ)

ಗಲ್ಲಾಪೆಟ್ಟಿಗೆ ವಿಷಯ ಬಂತಲ್ಲ, ಈಗ ನಾನು ಮಾತಾಡಬಹುದು. ವೀಕ್ಲಿ ಚೆನ್ನಾಗಿ ದುಡಿಯಿತು. 1936ರಲ್ಲಿ ‘ಡೈಲಿ ಟೆಲಿಗ್ರಾಫ್’ ಅವರ ಕೈಗೆ ಬಂತು, ಕನ್ಸಾಲಿಡೇಟೆಡ್ ಪ್ರೆಸ್ ಅನ್ನುವ ಕಂಪನಿ ಆಯಿತು. 1956ರಲ್ಲಿ ಸಿಡ್ನಿಯಲ್ಲಿ ಟೀವಿ ಶುರುವಾದಾಗ ಮೊದಲು ಪ್ರಸಾರ ಮಾಡಿದ ಚಾನೆಲ್ ನೈನ್ ಕೂಡ ಪ್ಯಾಕರ್‌ರದ್ದೇ. 1972ರಲ್ಲಿ ಫ್ರಾಂಕ್ ಪ್ಯಾಕರ್ ಟೆಲಿಗ್ರಾಫನ್ನು ರೂಪರ್ಟ್ ಮರ್ಡಾಕ್‌ಗೆ 15 ಮಿಲಿಯನ್ ಡಾಲರಿಗೆ ಮಾರಿದರು. ಆದರೆ ವೀಕ್ಲಿಯನ್ನು ಮಾರಲಿಲ್ಲ ನೋಡಿ! ಹಾಲು ಕೊಡುವ ಎಮ್ಮೆಯನ್ನು ಯಾರಾದರೂ ಮಾರುತ್ತಾರಾ?

ಅಪ್ಪ ತೀರಿಕೊಂಡ ಮೇಲೆ 1974ರಲ್ಲಿ ಕೆರ್ರಿ ಯಜಮಾನ. ತನ್ನ ಚಾನೆಲ್ಲಿಗೆ ಕ್ರಿಕೆಟ್ ಕೊಡಿ ಅಂದರೆ ಬೋರ್ಡಿನವರು ಕೊಡಲಿಲ್ಲ. 1977ರಲ್ಲಿ ತಾನೇ ಆಟಗಾರರನ್ನು ಕೊಂಡು ವರ್ಲ್ಡ್ ಸೀರೀಸ್ ಕ್ರಿಕೆಟ್ ನಡೆಸಿದ. ರಾತ್ರಿ ದೀಪದ ಕೆಳಗಿನ ಆಟ, ಬಿಳಿ ಚೆಂಡು, ಬಣ್ಣದ ಬಟ್ಟೆ ಎಲ್ಲ ಅಲ್ಲಿ ಬೆಳೆದದ್ದು. ನಾವು ಈಗ ಚಿನ್ನಸ್ವಾಮಿಯಲ್ಲಿ ರಾತ್ರಿ ಹನ್ನೊಂದರ ತನಕ ಕೂಗುತ್ತೇವಲ್ಲ, ಆ ಮರದ ಬೇರು ಹುಡುಕಿಕೊಂಡು ಹೋದರೆ ಒಂದು ಬೇರು ಹೆಂಗಸರ ಪತ್ರಿಕೆಯ ಕೆಳಗೆ ಸಿಗುತ್ತದೆ. ನನ್ನ ಹೆಂಡತಿಗೆ ಇದನ್ನು ಹೇಳಿದೆ. "ಹಾಗಾದ್ರೆ ರಿಮೋಟ್ ಇಲ್ಲಿ ಕೊಡಿ" ಅಂದಳು.

ಶಿರಸಿ ಹುಡುಗಿ (ಶಿರಸಿ, ಈಗ ಪುಣೆ)

ದೋಣಿ ಮೇಡಂ ಕೇಳಿದರಲ್ಲ, ನಮ್ಮ ಕಡೆ ಯಾರಿದ್ದಾರೆ ಅಂತ. ಇದ್ದರು. ವಾರಪತ್ರಿಕೆ ಅಲ್ಲ, ತಿಂಗಳ ಪತ್ರಿಕೆ. ಆರ್. ಕಲ್ಯಾಣಮ್ಮ 1921ರಲ್ಲಿ ‘ಸರಸ್ವತಿ’ ಶುರು ಮಾಡಿ ನಾಲ್ಕು ದಶಕ ನಡೆಸಿದರು. ಎಸ್ಮೆ ಫೆನ್‌ಸ್ಟನ್‌ಗಿಂತ ಜಾಸ್ತಿ! ಅವರಿಗಿಂತ ಮುಂಚೆ ನಂಜನಗೂಡು ತಿರುಮಲಾಂಬ. 1913ರಲ್ಲಿ ‘ಸತೀಹಿತೈಷಿಣಿ’ ಗ್ರಂಥಮಾಲೆ ಕಟ್ಟಿದರು, ಆಮೇಲೆ ‘ಕರ್ನಾಟಕ ನಂದಿನಿ’ ಪತ್ರಿಕೆ ತಂದರು. ಇಬ್ಬರೂ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವರು. ಬೆನ್ನ ಹಿಂದೆ 86,500 ಪೌಂಡ್ ಇರಲಿಲ್ಲ. ಬರೆಯುವುದು, ತಿದ್ದುವುದು, ಅಚ್ಚು ಹಾಕಿಸುವುದು, ಚಂದಾದಾರರನ್ನು ಹುಡುಕುವುದು ಎಲ್ಲಕ್ಕೂ ಅವರೇ ಓಡಾಡಬೇಕಿತ್ತು.

ಹೊಳೆಸಾಲು ಸರ್‌ಗೆ ಬೇಕಾದ ಕೀಲಿ ಇವರ ಸೊಂಟದಲ್ಲಿತ್ತು. ಪೆಟ್ಟಿಗೆಯಲ್ಲಿ ದುಡ್ಡು ಮಾತ್ರ ಇರಲಿಲ್ಲ.

ಹೊಳೆಸಾಲು (ಶಿವಮೊಗ್ಗ)

ತಂಗೀ, ಶರಣು.

ಅಜ್ಜಿಮನೆ (ತುಮಕೂರು)

ನಮ್ಮಮ್ಮ ವಾರಪತ್ರಿಕೆಯ ಧಾರಾವಾಹಿ ಪುಟಗಳನ್ನು ಬಿಡಿಸಿ, ದಬ್ಬಳದಲ್ಲಿ ತೂತು ಮಾಡಿ, ಗೋಣಿ ದಾರದಲ್ಲಿ ಹೊಲಿದು ಪುಸ್ತಕ ಮಾಡುತ್ತಿದ್ದರು. ರಟ್ಟಿಗೆ ಹಳೆ ಕ್ಯಾಲೆಂಡರ್. ಓಣಿಯಲ್ಲಿ ಆರು ಮನೆ ಸುತ್ತಿ ವಾಪಸ್ ಬರುವ ಹೊತ್ತಿಗೆ ಪುಟಗಳೆಲ್ಲ ಒಗ್ಗರಣೆ ವಾಸನೆ. ಅಕ್ಕ, ನಿಮ್ಮ ಆಸ್ಟ್ರೇಲಿಯಾ ಪತ್ರಿಕೆಯಲ್ಲೂ ಕಥೆ ಇತ್ತಾ?

ಬೆಲ್ಲದಚ್ಚು (ಸಿಡ್ನಿ)

ಇತ್ತು ಅಂದರೆ! ಪ್ರತಿ ಸಂಚಿಕೆಯಲ್ಲೂ ಕಥೆ, ಧಾರಾವಾಹಿ. ಅಗಾಥಾ ಕ್ರಿಸ್ಟಿಯ ಕಾದಂಬರಿಗಳೂ ಕಂತು ಕಂತಾಗಿ ಬರುತ್ತಿದ್ದವು. ನನ್ನ ಡಬ್ಬದಲ್ಲಿ ಒಂದು ಪತ್ತೇದಾರಿ ಕಥೆಯ ಮೂರು ಕಂತು ಇದೆ, ಕೊನೆಯದು ಇಲ್ಲ. ಕೊಲೆ ಮಾಡಿದವನು ಯಾರು ಅಂತ ಪಕ್ಕದ ಮನೆ ಅಜ್ಜಿಗೂ ಮರೆತುಹೋಗಿದೆಯಂತೆ.

ಕಾಮಿಕ್ಸ್ ಕೂಡ ಇತ್ತು. ಮಾಂತ್ರಿಕ ಮ್ಯಾಂಡ್ರೇಕ್!

ರದ್ದಿ ರಾಯ (ಬೆಂಗಳೂರು)

ಮ್ಯಾಂಡ್ರೇಕ್ ವೀಕ್ಲಿಯಲ್ಲಿ 1934ರ ಕೊನೆಗೇ ಬಂದಿದ್ದ. ಇದಕ್ಕಿಂತ ಮಜಾ ಇನ್ನೊಂದಿದೆ. ಫ್ಯಾಂಟಮ್ ಆಸ್ಟ್ರೇಲಿಯಾದಲ್ಲಿ ಮೊದಲು ಕಾಲಿಟ್ಟದ್ದೂ ಹೆಂಗಸರ ವಾರಪತ್ರಿಕೆಯಲ್ಲೇ. ಅದು ‘ಆಸ್ಟ್ರೇಲಿಯನ್ ವುಮನ್ಸ್ ಮಿರರ್’, 1924ರಲ್ಲಿ ‘ಬುಲೆಟಿನ್’ ಪತ್ರಿಕೆಯವರು ಶುರು ಮಾಡಿದ್ದು. ಫ್ಯಾಂಟಮ್ ಅಲ್ಲಿಗೆ ಬಂದದ್ದು 1936ರ ಸೆಪ್ಟೆಂಬರಿನಲ್ಲಿ. ಅಮ್ಮನ ಪತ್ರಿಕೆಯನ್ನು ಮಕ್ಕಳು ಕಿತ್ತುಕೊಂಡು ಓದಲಿ, ಮನೆಯಲ್ಲಿ ಎಲ್ಲರೂ ವಾರ ವಾರ ಕಾಯಲಿ ಅನ್ನುವ ಲೆಕ್ಕ. 1960ರಲ್ಲಿ ‘ಬುಲೆಟಿನ್’ ಕೂಡ ಪ್ಯಾಕರ್ ಕೈಗೆ ಹೋಯಿತು. ಮರುವರ್ಷ ಮಿರರ್ ನಿಂತಿತು. ಎದುರಾಳಿಯನ್ನು ಕೊಂಡು ಮಲಗಿಸುವುದು ಇವತ್ತಿನ ವಿದ್ಯೆ ಅಲ್ಲ.

ನಾವು ಇಂದ್ರಜಾಲ ಕಾಮಿಕ್ಸ್‌ನಲ್ಲಿ ಕನ್ನಡ ಮಾತಾಡುವ ಫ್ಯಾಂಟಮ್‌ನನ್ನು ಓದಿ ಬೆಳೆದವರು. ಅವನು ಅಡುಗೆ ಪುಟದ ಪಕ್ಕದಲ್ಲಿ ಬೆಳೆದ ಹುಡುಗ ಅಂತ ತಿಳಿದಾಗ ಯಾಕೋ ಇನ್ನಷ್ಟು ಹತ್ತಿರ ಆದ.

ಒಂದು ದುಃಖ ಹೇಳಿಬಿಡುತ್ತೇನೆ. ನಮ್ಮ ಬಡಾವಣೆಯ ಹತ್ತಿರದ ಒಂದು ವಾಚನಾಲಯದಲ್ಲಿ ನಲವತ್ತು ವರ್ಷದ ಕನ್ನಡ ವಾರಪತ್ರಿಕೆಗಳಿದ್ದವು. ಜಾಗ ಇಲ್ಲ ಅಂತ ಕಿಲೋ ಲೆಕ್ಕದಲ್ಲಿ ಹಾಕಿಬಿಟ್ಟರು. ನಾನು ಓಡಿಹೋಗುವ ಹೊತ್ತಿಗೆ ಗಾಡಿ ಹೊರಟಿತ್ತು. ಹಿಂದೆ ಸ್ಕೂಟರಿನಲ್ಲಿ ಹೋಗಿ ಎರಡು ಕಟ್ಟು ಬಿಡಿಸಿಕೊಂಡೆ. ಉಳಿದದ್ದು ಕಡ್ಲೆಕಾಯಿ ಪೊಟ್ಟಣ ಆಗಿರಬೇಕು.

ಕಾಗದದ ದೋಣಿ (ಮಂಗಳೂರು)

ಇಟಾ ಬಟ್ರೋಸ್ ಬಗ್ಗೆ ಯಾರೂ ಹೇಳಲಿಲ್ಲ. ಹದಿನೈದನೇ ವಯಸ್ಸಿಗೆ ಶಾಲೆ ಬಿಟ್ಟು ಇದೇ ವೀಕ್ಲಿಯಲ್ಲಿ ಕಾಪಿ ಗರ್ಲ್ ಆಗಿ ಸೇರಿದವರು. ಅಂದರೆ ಮೇಜಿನಿಂದ ಮೇಜಿಗೆ ಕಾಗದ ಹೊತ್ತು ತಿರುಗುವ ಹುಡುಗಿ. 1972ರಲ್ಲಿ ಕೆರ್ರಿ ಪ್ಯಾಕರ್ ಜೊತೆ ಸೇರಿ ‘ಕ್ಲಿಯೋ’ ಅನ್ನುವ ಮಾಸಿಕ ತಂದರು. ವೀಕ್ಲಿ ಹೇಳಲು ನಾಚುತ್ತಿದ್ದ ವಿಷಯಗಳನ್ನು ಅದು ಧೈರ್ಯವಾಗಿ ಹೇಳಿತು. 1975ರಲ್ಲಿ ವೀಕ್ಲಿಗೇ ಸಂಪಾದಕಿಯಾಗಿ ವಾಪಸ್ ಬಂದರು. ಎಷ್ಟು ಹೆಸರಾದರೆಂದರೆ 1980ರಲ್ಲಿ ಕೋಲ್ಡ್ ಚಿಸೆಲ್ ಅನ್ನುವ ರಾಕ್ ತಂಡ ಅವರ ಮೇಲೆ ಒಂದು ಹಾಡನ್ನೇ ಮಾಡಿತು. ಸಂಪಾದಕರ ಮೇಲೆ ಹಾಡು! ನಮ್ಮಲ್ಲಿ ಸಂಪಾದಕರಿಗೆ ಬರುವುದು ಬೈಗುಳದ ಪತ್ರ ಮಾತ್ರ. ಇತ್ತೀಚೆಗೆ, 2019ರಿಂದ 2024ರವರೆಗೆ, ಅಲ್ಲಿನ ಸರ್ಕಾರಿ ಪ್ರಸಾರ ಸಂಸ್ಥೆ ಎಬಿಸಿಯ ಅಧ್ಯಕ್ಷೆ ಆಗಿದ್ದವರೂ ಇವರೇ.

ಬೆಣ್ಣೆದೋಸೆ (ದಾವಣಗೆರೆ)

ಎಲ್ಲ ಸರಿ. ಕೇಕ್ ಪುಸ್ತಕದ ವಿಷಯಕ್ಕೆ ಯಾವಾಗ ಬರುತ್ತೀರಿ?

ಬೆಲ್ಲದಚ್ಚು (ಸಿಡ್ನಿ)

ಬಂದೆ ಬಂದೆ. 1980ರಲ್ಲಿ ವೀಕ್ಲಿಯವರು ಹೊರತಂದ ಮಕ್ಕಳ ಹುಟ್ಟುಹಬ್ಬದ ಕೇಕ್ ಪುಸ್ತಕ ಇದು. ಮುಖಪುಟದಲ್ಲಿ ರೈಲು ಕೇಕ್, ಬೋಗಿಗಳ ತುಂಬ ಪಾಪ್‌ಕಾರ್ನ್. ಒಳಗೆ ಈಜುಕೊಳದ ಕೇಕ್ ಇದೆ. ಸುತ್ತ ಚಾಕೊಲೇಟ್ ಬಿಸ್ಕತ್ತಿನ ಗೋಡೆ, ನೀರಿನ ಜಾಗದಲ್ಲಿ ಜೆಲ್ಲಿ. ಬಾತುಕೋಳಿ ಕೇಕ್‌ಗೆ ಆಲೂಗಡ್ಡೆ ಚಿಪ್ಸ್‌ನ ಕೊಕ್ಕು. ‘ಬ್ಲೂಯಿ’ ಕಾರ್ಟೂನ್ ನೋಡುವ ಮಕ್ಕಳಿದ್ದರೆ ಆ ಬಾತುಕೋಳಿ ನಿಮಗೂ ಗೊತ್ತಿರುತ್ತದೆ, ಅದರ ಮೇಲೆ ಒಂದು ಇಡೀ ಕಂತು ಇದೆ.

ನಮ್ಮ ಆಫೀಸಿನಲ್ಲಿ ನಲವತ್ತು ದಾಟಿದ ಯಾರನ್ನೇ ಕೇಳಿ, ಐದನೇ ಹುಟ್ಟುಹಬ್ಬಕ್ಕೆ ನಿಮ್ಮಮ್ಮ ಯಾವ ಕೇಕ್ ಮಾಡಿದ್ದರು ಅಂದರೆ ಪುಟ ಸಮೇತ ಹೇಳುತ್ತಾರೆ. ಹುಟ್ಟುಹಬ್ಬಕ್ಕೆ ಒಂದು ತಿಂಗಳ ಮುಂಚೆಯೇ ಮಗು ಈ ಪುಸ್ತಕ ಹಿಡಿದು ಕೂರುತ್ತಿತ್ತಂತೆ. ದಿನಕ್ಕೊಂದು ಕೇಕ್ ಬೇಕು ಅನ್ನುತ್ತಿತ್ತಂತೆ.

ಪುಸ್ತಕದ ಗುಟ್ಟು ಏನೆಂದರೆ ಹಲವು ಕೇಕ್‌ಗಳಿಗೆ ಅಂಗಡಿಯ ಪೊಟ್ಟಣದ ಹಿಟ್ಟೇ ಸಾಕು ಅಂತ ಅವರೇ ಹೇಳಿಬಿಡುತ್ತಾರೆ. ಕೆಲಸಕ್ಕೆ ಹೋಗುವ ಅಮ್ಮ ಕತ್ತರಿಸಿ, ಜೋಡಿಸಿ, ಕ್ರೀಮ್ ಬಳಿದರೆ ಆಯಿತು. ಇದು ನನಗೆ ಬಹಳ ದೊಡ್ಡ ಮನಸ್ಸು ಅನಿಸಿತು.

ಬೆಣ್ಣೆದೋಸೆ (ದಾವಣಗೆರೆ)

ಆ ಪತ್ರಿಕೆಯ ಅಡುಗೆ ಪುಸ್ತಕ ನನ್ನ ಹತ್ತಿರವೂ ಒಂದಿದೆ, ಫುಟ್‌ಪಾತ್‌ನಲ್ಲಿ ಸಿಕ್ಕಿದ್ದು. ಪ್ರತಿ ಅಡುಗೆಯನ್ನೂ ಮೂರು ಸಲ ಮಾಡಿ ನೋಡಿದ ಮೇಲೆಯೇ ಅಚ್ಚಿಗೆ ಅಂತ ಅವರ ಹೆಮ್ಮೆ. ನಂಬಿ ಕೇಕ್ ಮಾಡಿದೆ. ಹಲಗೆ ಥರ ಬಂತು. ಮನೆಯವರು "ಇದರ ಮೇಲೆ ರೊಟ್ಟಿ ತಟ್ಟಬಹುದು" ಅಂದರು. ಮೂರು ಸಲ ಮಾಡಿ ನೋಡಿದ್ದು ಇದನ್ನೇನಾ?

ಬೆಲ್ಲದಚ್ಚು (ಸಿಡ್ನಿ)

ಅಯ್ಯೋ! ಎರಡು ಪ್ರಶ್ನೆ. ಪುಸ್ತಕದಲ್ಲಿ ಸೆಲ್ಫ್ ರೈಸಿಂಗ್ ಹಿಟ್ಟು ಅಂತ ಇತ್ತಾ? ನೀವು ಸಾದಾ ಮೈದಾ ಹಾಕಿದಿರಾ? ಇಲ್ಲಿನ ಆ ಹಿಟ್ಟಿನಲ್ಲಿ ಬೇಕಿಂಗ್ ಪೌಡರ್ ಮೊದಲೇ ಬೆರೆತಿರುತ್ತದೆ. ಮೈದಾ ಹಾಕಿದರೆ ನೀವೇ ಸೇರಿಸಬೇಕು, ಒಂದು ಕಪ್ಪಿಗೆ ಸುಮಾರು ಎರಡು ಟೀ ಚಮಚ.

ಇನ್ನೊಂದು, ಇಲ್ಲಿನ ಟೇಬಲ್ ಚಮಚ 20 ಮಿಲಿ. ಬೇರೆ ಕಡೆ ಎಲ್ಲ 15 ಮಿಲಿ. ಕಪ್ಪು 250 ಮಿಲಿ. ನಾನೂ ಬಂದ ಹೊಸದರಲ್ಲಿ ಊರಿಂದ ತಂದ ಚಮಚದಲ್ಲಿ ಅಳೆದು ಎರಡು ಸಲ ಕೆಡಿಸಿದ್ದೇನೆ.

ಬೆಣ್ಣೆದೋಸೆ (ದಾವಣಗೆರೆ)

ಸಾದಾ ಮೈದಾ. ಅಮ್ಮಣ್ಣಿ, ಆರು ವರ್ಷದಿಂದ ಆ ಪತ್ರಿಕೆಯವರನ್ನು ಸುಮ್ಮಸುಮ್ಮನೆ ಬೈಯುತ್ತಾ ಇದ್ದೆ.

ಹೊಳೆಸಾಲು (ಶಿವಮೊಗ್ಗ)

ನೋಡಿ, ಕೊನೆಗೂ ಅಡುಗೆಮನೆಗೇ ಬಂದು ನಿಂತಿತು ಚರ್ಚೆ. ಮೊದಲ ಪುಟದಲ್ಲಿ ಸಮಾನ ಹಕ್ಕು ಅಂತ ಶುರುವಾದದ್ದು ಐವತ್ತು ವರ್ಷದಲ್ಲಿ ಕೇಕ್ ಆಯಿತು.

ಅಜ್ಜಿಮನೆ (ತುಮಕೂರು)

ಹಾಗಲ್ಲಪ್ಪ. ಅಡುಗೆ ಯಾರೋ ಒಬ್ಬರು ಮಾಡಲೇಬೇಕಲ್ಲ. ಮೂರು ಸಲ ಮಾಡಿ ನೋಡಿ ಬರೆದರು ಅಂದರೆ, ಬಡವರ ಮನೆಯ ಬೆಣ್ಣೆ ಸಕ್ಕರೆ ಹಾಳಾಗಬಾರದು ಅನ್ನುವ ಕಾಳಜಿ ಅದರಲ್ಲಿದೆ. ನನ್ನ ಮದುವೆಯಾದಾಗ ಅತ್ತೆ ಯಾವುದನ್ನೂ ಅಳತೆ ಹೇಳಿಕೊಡಲಿಲ್ಲ. "ಕೈಗೆ ಬರುತ್ತೆ" ಅನ್ನುತ್ತಿದ್ದರು. ಬರುವ ತನಕ ಬೈಗುಳ ತಿಂದವಳು ನಾನು. ಅಳತೆ ಬರೆದು ಕೊಟ್ಟವರಿಗೆ ನಾನಂತೂ ಕೈ ಮುಗಿಯುತ್ತೇನೆ.

ಶಿರಸಿ ಹುಡುಗಿ (ಶಿರಸಿ, ಈಗ ಪುಣೆ)

ಅಜ್ಜಿಮನೆ ಅಮ್ಮ, ಈ ಮಾತಿಗೆ ನಾನು ಹತ್ತು ಲೈಕ್ ಕೊಡುತ್ತೇನೆ.

ಆದರೆ ಟ್ರೋವ್‌ನಲ್ಲಿ ಎರಡು ಗಂಟೆ ತಿರುಗಾಡಿದ ಮೇಲೆ ಒಂದು ಚುಚ್ಚಿತು. 30, 40, 50ರ ದಶಕದ ಸಂಚಿಕೆಗಳಲ್ಲಿ ಮುಖಪುಟ, ಜಾಹೀರಾತು, ಓದುಗರ ಫೋಟೋ ಎಲ್ಲಿ ನೋಡಿದರೂ ಬಿಳಿ ಮುಖಗಳೇ. ಆ ದೇಶದ ಮೂಲ ನಿವಾಸಿ ಹೆಂಗಸರು ಎಲ್ಲೋ ಅಪರೂಪಕ್ಕೆ. ನಮ್ಮಂಥವರು ಕಂಡರೆ ಪ್ರವಾಸದ ಚಿತ್ರದಲ್ಲಿ. ಬಿಳಿಯರಿಗೆ ಮಾತ್ರ ಬಾಗಿಲು ತೆರೆಯುವ ವಲಸೆ ನೀತಿ 1901ರಿಂದ ಇತ್ತು, ಪೂರ್ತಿ ಹೋದದ್ದು 1973ರಲ್ಲಿ. ಹಾಗಾದರೆ ಹೆಸರಿನಲ್ಲಿರುವ ‘ಆಸ್ಟ್ರೇಲಿಯನ್ ವುಮೆನ್’ ಅಂದರೆ ಯಾರು?

ಬೆಲ್ಲದಚ್ಚು (ಸಿಡ್ನಿ)

ಈ ಪ್ರಶ್ನೆ ನನಗೂ ಬಂತು, ಆದರೆ ಬರೆಯಲು ಹಿಂಜರಿದೆ. ಡಬ್ಬದ ಒಂದು ಸಂಚಿಕೆಯಲ್ಲಿ ‘ಕರಿ’ ಅಂತ ಅಡುಗೆ ಇದೆ. ಸೇಬು, ಒಣದ್ರಾಕ್ಷಿ, ಒಂದು ಚಮಚ ಕರಿ ಪೌಡರ್. ಅಷ್ಟೇ. ಸಾಸಿವೆ ಇಲ್ಲ, ಕರಿಬೇವು ಇಲ್ಲ. ಓದಿ ನಗು ಬಂತು, ಆಮೇಲೆ ಬೇಜಾರೂ ಆಯಿತು. ಇದನ್ನು ಓದಿದ ಮನೆಗಳ ಪಕ್ಕದಲ್ಲಿ ಇದು ಸರಿಯಲ್ಲ ಅಂತ ಹೇಳಲು ನಮ್ಮವರು ಯಾರೂ ಇರಲಿಲ್ಲ ಅಲ್ವಾ?

ಪಕ್ಕದ ಮನೆ ಅಜ್ಜಿಗೆ ತೋರಿಸಿದೆ. "ನಾನು ಇದನ್ನು ಎಷ್ಟೋ ಸಲ ಮಾಡಿದ್ದೆ. ನಿನ್ನ ಸಾರು ತಿಂದ ಮೇಲೆ ಮಾಡಿಲ್ಲ" ಅಂದರು.

ಮೂರನೇ ಅಂಪೈರ್ (ಹುಬ್ಬಳ್ಳಿ)

ಈಗ ಯಾರ ಕೈಯಲ್ಲಿದೆ ಪತ್ರಿಕೆ? ಪ್ಯಾಕರ್‌ಗಳೇ?

ರದ್ದಿ ರಾಯ (ಬೆಂಗಳೂರು)

ಇಲ್ಲ. 2012ರಲ್ಲಿ ಜರ್ಮನಿಯ ಬಾವರ್ ಕಂಪನಿಗೆ ಹೋಯಿತು. 2020ರಲ್ಲಿ ಬಾವರ್ ಕೂಡ ಕೈ ಎತ್ತಿ ಮರ್ಕ್ಯುರಿ ಕ್ಯಾಪಿಟಲ್ ಅನ್ನುವ ಹೂಡಿಕೆ ಕಂಪನಿಗೆ ಮಾರಿತು. ಪತ್ರಿಕೆ ನಡೆಸುವ ಆ ಸಂಸ್ಥೆಗೆ ಆಮೇಲೆ ಆರ್ ಮೀಡಿಯಾ ಅಂತ ಹೆಸರಾಯಿತು. ಅದೇ 2020ರ ಏಪ್ರಿಲ್‌ನಲ್ಲಿ, ಕೋವಿಡ್ ಲಾಕ್‌ಡೌನ್ ಹೊತ್ತಿಗೆ, ಬಾವರ್ ನ್ಯೂಜಿಲೆಂಡಿನ ತನ್ನ ಪತ್ರಿಕೆಗಳಿಗೆಲ್ಲ ಬೀಗ ಹಾಕಿತ್ತು. ಅದರಲ್ಲಿ ‘ನ್ಯೂಜಿಲೆಂಡ್ ವುಮನ್ಸ್ ವೀಕ್ಲಿ’ ಕೂಡ ಇತ್ತು. ಇದು 1932ರದ್ದು, ಆಸ್ಟ್ರೇಲಿಯಾದ ವೀಕ್ಲಿಗಿಂತ ಒಂದು ವರ್ಷಕ್ಕೆ ದೊಡ್ಡಕ್ಕ. ಪುಣ್ಯಕ್ಕೆ ಹೊಸ ಮಾಲೀಕರು ಅದನ್ನು ಮತ್ತೆ ಎಬ್ಬಿಸಿದರು.

ನಮ್ಮ ಮುಂಬೈಯ ‘ಈವ್ಸ್ ವೀಕ್ಲಿ’ಗೆ ಆ ಪುಣ್ಯ ಇರಲಿಲ್ಲ. ಗುಲ್ಶನ್ ಯೂಯಿಂಗ್ ಎರಡು ದಶಕಕ್ಕೂ ಹೆಚ್ಚು ಕಾಲ ಅದರ ಸಂಪಾದಕಿ ಆಗಿದ್ದರು. ಅದರ ಹಳೆ ಸಂಚಿಕೆ ಹುಡುಕಿಕೊಂಡು ನಾನು ಎಷ್ಟು ರದ್ದಿ ಅಂಗಡಿ ತಿರುಗಿದ್ದೇನೆ ಅಂತ ನನ್ನ ಚಪ್ಪಲಿಯನ್ನು ಕೇಳಬೇಕು. ಇನ್ನು ಶಿರಸಿ ತಂಗಿ ಹೇಳಿದ ‘ಕರ್ನಾಟಕ ನಂದಿನಿ’ಯ ಒಂದು ಪುಟ ಸಿಕ್ಕರೂ ನಾನು ಕಟ್ಟು ಹಾಕಿಸಿ ದೇವರ ಕೋಣೆಯಲ್ಲಿ ಇಡುತ್ತೇನೆ.

ಬೆಲ್ಲದಚ್ಚು (ಸಿಡ್ನಿ)

ತಡವಾಗಿ ಬರೆಯುತ್ತಿದ್ದೇನೆ. ನಿನ್ನೆ ಮಗಳ ಹುಟ್ಟುಹಬ್ಬ ಆಯಿತು. ರೈಲು ಬೇಡ, ಈಜುಕೊಳವೇ ಬೇಕು ಅಂದಳು. ಬಿಸ್ಕತ್ತಿನ ಗೋಡೆ ಒಂದು ಕಡೆ ಒಡೆದು ಜೆಲ್ಲಿ ತಟ್ಟೆ ತುಂಬ ಹರಿಯಿತು. ಮಕ್ಕಳಿಗೆ ಅದೇ ಮಜಾ, ಕೆರೆ ಒಡೀತು ಅಂತ ಕುಣಿದರು. ಅಜ್ಜಿಯೂ ಬಂದಿದ್ದರು. ಇನ್ನು ನಾಲ್ಕು ದಿನಕ್ಕೆ ಹೊರಡುತ್ತಾರೆ. ಅವರ ಮಗನಿಗೆ 1981ರಲ್ಲಿ ಇದೇ ಕೇಕ್ ಮಾಡಿದ್ದರಂತೆ, ಅದೂ ಇದೇ ಮೂಲೆಯಲ್ಲಿ ಒಡೆದಿತ್ತಂತೆ.

ರಾಯರಿಗೆ ಒಂದು ಸುದ್ದಿ. ಟ್ರೋವ್‌ನಲ್ಲಿ ಯಂತ್ರ ಓದಿದ ಅಕ್ಷರಗಳಲ್ಲಿ ತಪ್ಪಿದ್ದರೆ ಓದುಗರೇ ತಿದ್ದಬಹುದು. ರಾತ್ರಿ ಪಾತ್ರೆ ಎಲ್ಲ ತೊಳೆದ ಮೇಲೆ ಕೂತು ಡಬ್ಬದಲ್ಲಿ ಇಲ್ಲದ ಆ ಕೊನೆಯ ಕಂತನ್ನು ಹುಡುಕಿ ತೆಗೆದೆ. ಅಕ್ಷರ ಬಹಳ ಕೆಟ್ಟಿತ್ತು. ಹನ್ನೊಂದು ಸಾಲು ತಿದ್ದಿದೆ. ಕೊಲೆ ಮಾಡಿದವನು ಡಾಕ್ಟರ್. ನಾಳೆ ಬೆಳಿಗ್ಗೆ ಅಜ್ಜಿಗೆ ಹೇಳಬೇಕು.